ಹಳೆ ಕಂಪ್ರೆಸರ್ ಕೈಕೊಟ್ಟಿತಾ? ಹೆಡ್ ಬಿಚ್ಚುವ ಮೊದಲು ಕಿವಿ ಕೊಡಿ

ಮಂಗಳೂರಿನಲ್ಲಿ ಒಂದು ಗ್ಯಾರೇಜ್ ಮುಚ್ಚುತ್ತಿದೆ ಎಂದು ಗೊತ್ತಾಗಿ ಅಲ್ಲಿಂದ ಒಂದು ಹಳೆ ಕಂಪ್ರೆಸರ್ ತಂದೆ. 160 ಲೀಟರ್ ಟ್ಯಾಂಕ್, 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಕೊಳ್ಳುವ ಮೊದಲು ಅಲ್ಲೇ ನಿಂತು ಓಡಿಸಿ ನೋಡಿದ್ದೆ. ಖಾಲಿ ಟ್ಯಾಂಕ್‌ನ ಗಾಳಿಯ ಒತ್ತಡ 7 ಕೆಜಿಗೆ ಏರಲು 5 ನಿಮಿಷ. ಖುಷಿಯಾಯಿತು. ಪಿಕಪ್‌ಗೆ ಹಾಕಿ, ಚಾರ್ಮಾಡಿ ಘಾಟಿ ಹತ್ತಿಸಿ, ಚಿಕ್ಕಮಗಳೂರಿಗೆ ತಂದೆ. ಮಾರನೇ ದಿನ ಓಡಿಸಿದರೆ 5 ನಿಮಿಷ 40 ಸೆಕೆಂಡು. ಇನ್ನೊಮ್ಮೆ ಓಡಿಸಿದೆ, ಅಷ್ಟೇ. ಘಾಟಿಯ ಕುಲುಕಾಟಕ್ಕೆ ಏನೋ ಸಡಿಲವಾಗಿದೆ ಅಂದುಕೊಂಡು ಹೆಡ್, ಅಂದರೆ ಗಾಳಿ ಅದುಮುವ ಸಿಲಿಂಡರ್‌ನ ಮೇಲಿನ ವಾಲ್ವ್ ಇರುವ ಭಾಗ, ಬಿಚ್ಚಿದೆ. ವಾಲ್ವ್ ಚೆನ್ನಾಗಿತ್ತು. ರಿಂಗ್ ಚೆನ್ನಾಗಿತ್ತು. ಬಿಚ್ಚುವಾಗ ಹರಿದುಹೋದ ಗ್ಯಾಸ್ಕೆಟ್ ಒಂದು ಹೊಸದು ತರಬೇಕಾಯಿತು, ಒಂದು ದಿನದ ಕೆಲಸವೂ ಹೋಯಿತು.

ಮೆಷಿನ್‌ಗೆ ಏನೂ ಆಗಿರಲಿಲ್ಲ. ನಮ್ಮೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ. ಇಲ್ಲಿ ಗಾಳಿಯೇ ತೆಳು. ಮಂಗಳೂರಿನಲ್ಲಿ ಗಾಳಿಯ ಒತ್ತಡ 1 ಕೆಜಿಗಿಂತ ಚೂರು ಜಾಸ್ತಿ ಇದ್ದರೆ ಇಲ್ಲಿ ಸುಮಾರು 0.92 ಕೆಜಿ. ಪಿಸ್ಟನ್ ಒಂದೊಂದು ಸಲ ಎಳೆದಾಗಲೂ ಒಳಗೆ ಬರುವ ಗಾಳಿ ಅಷ್ಟರಮಟ್ಟಿಗೆ ಕಡಿಮೆ. ಅದೇ ಟ್ಯಾಂಕನ್ನು ಅದೇ ಗೇಜ್ ಅಂಕಿಗೆ ತುಂಬಿಸಲು ನೂರಕ್ಕೆ 12-13ರಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಸನವೂ ಸಾವಿರ ಮೀಟರ್ ಹತ್ತಿರವೇ ಇರುವುದರಿಂದ ಅಲ್ಲಿಯೂ ಇದೇ ಲೆಕ್ಕ. ಕರಾವಳಿಯಿಂದ ಮೆಷಿನ್ ತರುವವರು ಇದನ್ನು ನೆನಪಿಡಿ. ಸುಮ್ನೆ ನನ್ನ ಹಾಗೆ ಸ್ಪ್ಯಾನರ್ ಹಿಡಿಯಬೇಡಿ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕಂಪ್ರೆಸರ್ ಕೈಕೊಟ್ಟರೆ ಮೊದಲು ಗಡಿಯಾರ ನೋಡುತ್ತೇನೆ, ಆಮೇಲೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕೇಳಿಸಿಕೊಳ್ಳುತ್ತೇನೆ. ಹೆಡ್ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಬರೆದಿರುವುದು ಬೆಲ್ಟ್ ಇರುವ ಪಿಸ್ಟನ್ ಕಂಪ್ರೆಸರ್ ಬಗ್ಗೆ. ನಮ್ಮ ಕಡೆಯ ಪಂಚರ್ ಅಂಗಡಿ, ಗ್ಯಾರೇಜ್, ಮರಗೆಲಸದ ಶೆಡ್, ತೋಟದ ವರ್ಕ್‌ಶಾಪ್‌ಗಳಲ್ಲಿ ಇರುವುದು ಬಹುತೇಕ ಇದೇ. ಕೆಜಿ ಎಂದು ನಾನು ಬರೆದ ಕಡೆಯೆಲ್ಲ ಚದರ ಸೆಂಟಿಮೀಟರ್‌ಗೆ ಕೆಜಿ ಎಂದು ಓದಿಕೊಳ್ಳಿ. 1 ಕೆಜಿ ಅಂದರೆ ಟಯರ್ ಅಂಗಡಿಯ ಲೆಕ್ಕದಲ್ಲಿ ಸುಮಾರು 14 ಪಾಯಿಂಟ್.

ಮೊದಲು ಟ್ಯಾಂಕ್

ಹಳೆ ಮೆಷಿನ್ ಕೊಳ್ಳುವಾಗ ಎಲ್ಲರೂ ಹೆಡ್ ಸದ್ದು ಕೇಳುತ್ತಾರೆ, ಮೋಟರ್ ಮುಟ್ಟಿ ನೋಡುತ್ತಾರೆ. ಟ್ಯಾಂಕ್ ಕಡೆ ಬಗ್ಗುವವರು ಕಡಿಮೆ. ಹೆಡ್ ಹೋದರೆ ಬೇರೆ ಹಾಕಬಹುದು, ಮೋಟರ್ ಸುಟ್ಟರೆ ವೈಂಡಿಂಗ್ ಮಾಡಿಸಬಹುದು. ಟ್ಯಾಂಕ್ ತುಕ್ಕು ಹಿಡಿದಿದ್ದರೆ ಅದಕ್ಕೆ ರಿಪೇರಿ ಇಲ್ಲ. ಅದು ಒಡೆದರೆ ಶೆಡ್‌ನಲ್ಲಿ ಇರುವವರ ಪ್ರಾಣಕ್ಕೇ ಅಪಾಯ.

ತುಕ್ಕು ಹಿಡಿಯುವುದು ಒಳಗಿನಿಂದ, ಅದೂ ತಳದಲ್ಲಿ, ನೀರು ನಿಲ್ಲುವ ಕಡೆ. ಹೊರಗೆ ಹೊಸ ನೀಲಿ ಪೇಂಟ್ ಹೊಳೆಯುತ್ತಿದ್ದರೂ ಒಳಗೆ ತಗಡು ಕಾಗದವಾಗಿರಬಹುದು. ನಾನಂತೂ ಹೊಸ ಪೇಂಟ್ ಕಂಡರೆ ಜಾಸ್ತಿ ಅನುಮಾನ ಪಡುತ್ತೇನೆ. ಗಾಳಿ ಪೂರ್ತಿ ಬಿಟ್ಟು ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ. ಡ್ರೈನ್ ಕಾಕ್ ಸುತ್ತ, ಕಾಲು ವೆಲ್ಡ್ ಆದ ಜಾಗ, ತಳದ ಉದ್ದನೆಯ ಜೋಡಣೆ, ಇವು ಮೂರು ಮುಖ್ಯ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತೆಳುವಾದ ಕಡೆ, ಪುಟ್ಟಿ ಮೆತ್ತಿದ ಕಡೆ ಸದ್ದು ಡಬ್ ಎಂದು ಸತ್ತುಹೋಗುತ್ತದೆ. ಡ್ರೈನ್ ಕಾಕ್ ತೆಗೆದಾಗ ಬರುವ ನೀರನ್ನು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯಿರಿ. ಕಂದು ಬಣ್ಣ ಪರವಾಗಿಲ್ಲ. ತುಕ್ಕಿನ ಚಕ್ಕೆಗಳು ಬಂದರೆ ಆ ಮೆಷಿನ್ ಬೇಡ.

ಟ್ಯಾಂಕ್ ಮೇಲೆ ತಯಾರಕರ ತಗಡಿನ ಪ್ಲೇಟ್ ಇರಬೇಕು. ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ಲೀಟರ್, ತಯಾರಾದ ವರ್ಷ ಅದರಲ್ಲಿ ಬರೆದಿರುತ್ತದೆ. ಪ್ಲೇಟ್ ಇಲ್ಲದ ಟ್ಯಾಂಕ್ ಎಷ್ಟೇ ಅಗ್ಗವಾದರೂ ತಗೋಬೇಡಿ. ಎಷ್ಟು ಒತ್ತಡಕ್ಕೆ ಮಾಡಿದ್ದು ಎಂದೇ ಗೊತ್ತಿಲ್ಲದ ಮೇಲೆ, ಒತ್ತಡ ನೋಡಿ ಮೋಟರ್ ನಿಲ್ಲಿಸುವ ಪ್ರೆಶರ್ ಸ್ವಿಚ್ ಎಲ್ಲಿಗೆ ಇಡುತ್ತೀರಿ?

ಒಳ್ಳೆಯ ಟ್ಯಾಂಕ್ ಅನ್ನಿಸಿದರೂ ಒಮ್ಮೆ ನೀರಿನ ಪರೀಕ್ಷೆ ಮಾಡಿಸಿ. ಸೇಫ್ಟಿ ವಾಲ್ವ್, ಪ್ರೆಶರ್ ಸ್ವಿಚ್ ಎಲ್ಲ ತೆಗೆದು ತೂತುಗಳಿಗೆ ಪ್ಲಗ್ ಹಾಕಿ, ಮೇಲಿನ ಒಂದು ತೂತಿನಿಂದ ನೀರು ಉಕ್ಕುವವರೆಗೆ ತುಂಬಬೇಕು. ಒಳಗೆ ಒಂದು ಗುಳ್ಳೆಯಷ್ಟೂ ಗಾಳಿ ಇರಬಾರದು. ಆಮೇಲೆ ಪ್ಲಂಬರ್‌ಗಳು ಪೈಪ್‌ಲೈನ್ ಟೆಸ್ಟ್ ಮಾಡುವಂಥ ಕೈಪಂಪಿನಿಂದ ಪ್ಲೇಟ್‌ನಲ್ಲಿ ಬರೆದ ಪರೀಕ್ಷೆಯ ಒತ್ತಡಕ್ಕೆ ಏರಿಸಿ ಅರ್ಧ ಗಂಟೆ ಬಿಡಬೇಕು. ಕೆಲಸದ ಒತ್ತಡದ ಒಂದೂವರೆ ಪಟ್ಟು ಇರುವುದು ಸಾಮಾನ್ಯ. ಎಲ್ಲಾದರೂ ಬೆವರಿದರೆ ಮುಗಿಯಿತು. ನೀರನ್ನು ಅದುಮಿದರೂ ಅದು ಕುಗ್ಗುವುದಿಲ್ಲ, ಹಾಗಾಗಿ ಟ್ಯಾಂಕ್ ಬಿಟ್ಟರೂ ಚಿಮ್ಮಿ ನಿಲ್ಲುತ್ತದೆ. ಇದೇ ಪರೀಕ್ಷೆಯನ್ನು ಗಾಳಿಯಲ್ಲಿ ಮಾಡಲು ಹೋದವರು ಬಾಂಬ್ ಪಕ್ಕ ನಿಂತ ಹಾಗೆ. ಫ್ಯಾಬ್ರಿಕೇಷನ್ ಕೆಲಸ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಅವರ ಹತ್ತಿರ ಇದ್ದರೆ ತಳದಲ್ಲಿ ನಾಲ್ಕು ಕಡೆ ಅದನ್ನೂ ಇಡಿಸಿ.

ಬೆವರಿದ ಟ್ಯಾಂಕ್‌ಗೆ ವೆಲ್ಡಿಂಗ್ ಹಾಕಿಸಬೇಡಿ. ಒಂದು ತೂತು ಕಂಡಿದೆ ಅಂದರೆ ಅದರ ಸುತ್ತಲಿನ ತಗಡೂ ತೆಳುವಾಗಿದೆ ಎಂದೇ ಲೆಕ್ಕ. ಗುಜರಿಗೆ ಹಾಕುವಾಗ ತಳಕ್ಕೆ ದೊಡ್ಡದಾಗಿ ಒಂದು ತೂತು ಹೊಡೆದು ಹಾಕಿ. ಇಲ್ಲದಿದ್ದರೆ ಇನ್ಯಾರೋ ಪೇಂಟ್ ಬಳಿದು ಮಾರುತ್ತಾರೆ.

ಸ್ವಿಚ್ ಹಾಕುವ ಮುನ್ನ

ಹಳೆ ಎಣ್ಣೆ ಪೂರ್ತಿ ಇಳಿಸಿ. ಹಿಂದಿನವರು ಏನು ಹಾಕಿದ್ದರೋ ಯಾರಿಗೆ ಗೊತ್ತು. ಕಂಪ್ರೆಸರ್ ಎಣ್ಣೆಯನ್ನೇ ಹಾಕಿ, ತಯಾರಕರು ಹೇಳಿದ ದರ್ಜೆ. ಸಾಮಾನ್ಯವಾಗಿ ಅದು ವಿಜಿ 100 ಅಥವಾ ವಿಜಿ 150 (ವಿಜಿ ಅಂದರೆ ಎಣ್ಣೆ ಎಷ್ಟು ಮಂದ ಎಂದು ಹೇಳುವ ಅಂಕಿ). ಬೈಕ್‌ಗೆ ಹಾಕಿ ಉಳಿದ ಇಂಜಿನ್ ಎಣ್ಣೆ ಇದೆಯಲ್ಲ, ಅದನ್ನೇ ಸುರಿಯೋಣ ಅನ್ನಿಸುತ್ತದೆ. ಬೇಡ. ಅದರಲ್ಲಿ ಕೊಳೆ ತೊಳೆಯುವ ರಾಸಾಯನಿಕ ಇರುತ್ತದೆ. ಅದು ನೀರನ್ನು ಎಣ್ಣೆಯೊಳಗೇ ಹಿಡಿದಿಡುತ್ತದೆ, ಬಿಸಿ ವಾಲ್ವ್ ಮೇಲೆ ಕರಿ ಕಟ್ಟುತ್ತದೆ. ಎಣ್ಣೆ ಗಾಜಿನ ಕಣ್ಣಿನ ನಡುವಿಗೆ ಬಂದರೆ ಸಾಕು. ಜಾಸ್ತಿ ಹಾಕಿದರೆ ಗಾಳಿಯ ಜೊತೆ ಟ್ಯಾಂಕ್ ಸೇರುತ್ತದೆ.

ಏರ್ ಫಿಲ್ಟರ್ ಬಿಚ್ಚಿ ನೋಡಿ. ಸ್ಪಂಜ್ ಆದರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾಗದದ್ದಾದರೆ ಒಳಗಿನಿಂದ ಹೊರಕ್ಕೆ ಗಾಳಿ ಊದಿ, ಆಗದಿದ್ದರೆ ಬದಲಿಸಿ. ಪೆಟ್ರೋಲ್‌ನಲ್ಲಿ ಮಾತ್ರ ತೊಳೆಯಬೇಡಿ. ಉಳಿದ ಆವಿಯನ್ನು ಮೆಷಿನ್ ಒಳಗೆ ಎಳೆದುಕೊಳ್ಳುತ್ತದೆ. ಹೆಡ್‌ನಿಂದ ಹೊರಬರುವ ಗಾಳಿ 150 ಡಿಗ್ರಿ ದಾಟುವುದು ಸಹಜ, ಅಲ್ಲಿ ಪೆಟ್ರೋಲ್ ಆವಿ ಹೋದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ.

ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿಂದ ಒತ್ತಿ. 10ರಿಂದ 12 ಮಿಲಿಮೀಟರ್ ಬಗ್ಗಬೇಕು. ಎರಡೂ ಪುಲ್ಲಿಗಳ ಮುಖಕ್ಕೆ ಒಂದು ದಾರ ಎಳೆದು ಹಿಡಿದರೆ ನೇರ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಫ್ಲೈವೀಲ್ ಮೇಲೆ ಬಾಣದ ಗುರುತು ಇರುತ್ತದೆ. ಅದರ ಕಡ್ಡಿಗಳೇ ಫ್ಯಾನ್ ಆಗಿ ಹೆಡ್‌ಗೆ ಗಾಳಿ ಬೀಸುತ್ತವೆ. ತ್ರೀ ಫೇಸ್ ಮೋಟರ್‌ನ ವೈರ್ ಅದಲು ಬದಲಾದರೆ ಉಲ್ಟಾ ತಿರುಗಿ ಹೆಡ್ ಕಾದುಹೋಗುತ್ತದೆ. ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿದರೆ ಸರಿಯಾಯಿತು.

ಸೇಫ್ಟಿ ವಾಲ್ವ್‌ನ ಉಂಗುರವನ್ನು ಟ್ಯಾಂಕ್‌ನಲ್ಲಿ ಸ್ವಲ್ಪ ಗಾಳಿ ಇದ್ದಾಗ ಎಳೆಯಿರಿ. ಪಟ್ಟಂತ ತೆರೆಯಬೇಕು, ಬಿಟ್ಟ ಕೂಡಲೇ ಮುಚ್ಚಬೇಕು. ತುಕ್ಕು ಹಿಡಿದು ಅಲುಗದಿದ್ದರೆ ಅದನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಅದೇ ಒತ್ತಡದ ಹೊಸದು ಹಾಕಿ. ಆ ಜಾಗಕ್ಕೆ ಪ್ಲಗ್ ಹಾಕಿರುವ ಮೆಷಿನ್‌ಗಳನ್ನು ನಾನು ನೋಡಿದ್ದೇನೆ. ಅಂಥ ಶೆಡ್‌ನಲ್ಲಿ ನಾನು ಟೀ ಕೂಡ ಕುಡಿಯುವುದಿಲ್ಲ.

ಗಡಿಯಾರ ಹಿಡಿದು ಓಡಿಸಿ

ಟ್ಯಾಂಕ್ ಖಾಲಿ ಮಾಡಿ, ಡ್ರೈನ್ ಮುಚ್ಚಿ, ಹೊರಗಿನ ಹೋಸ್‌ನ ಕಾಕ್ ಮುಚ್ಚಿ ಮೆಷಿನ್ ಓಡಿಸಿ. 0ಯಿಂದ 7 ಕೆಜಿಗೆ ಎಷ್ಟು ಹೊತ್ತು ಎಂದು ಬರೆದಿಡಿ. ಲೆಕ್ಕ ಸುಲಭ. ಟ್ಯಾಂಕಿನ ಲೀಟರನ್ನು 7ರಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. ಮಂಗಳೂರಿನಲ್ಲಿ ನನ್ನ ಮೆಷಿನ್‌ಗೆ 160 ಗುಣಿಸು 7, ಭಾಗಿಸು 5. ನಿಮಿಷಕ್ಕೆ 224 ಲೀಟರ್. 28ರಿಂದ ಭಾಗಿಸಿದರೆ 8 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 8 ಘನ ಅಡಿ. 2 ಎಚ್‌ಪಿ ಮೆಷಿನ್‌ಗೆ ಇದು ಒಳ್ಳೆಯ ಅಂಕಿ. ನಮ್ಮ ಎತ್ತರದಲ್ಲಿ ಅದೇ ಲೆಕ್ಕ ಹಾಕಿದರೆ 200ರ ಹತ್ತಿರ ಬರುತ್ತದೆ.

ಮೆಷಿನ್ ಚೆನ್ನಾಗಿರುವಾಗಲೇ ಈ ಹೊತ್ತನ್ನು ಟ್ಯಾಂಕ್ ಮೇಲೆ ಪೇಂಟ್‌ನಲ್ಲಿ ಬರೆದುಬಿಡಿ. ನನ್ನದರ ಮೇಲೆ 5-40 ಎಂದು ಬರೆದಿದೆ. ಮುಂದೆ ಯಾವತ್ತಾದರೂ 'ಯಾಕೋ ಗಾಳಿ ಸಾಲ್ತಿಲ್ಲ' ಅನ್ನಿಸಿದಾಗ ಮತ್ತೆ ಓಡಿಸಿ ನೋಡಿದರೆ ಅನುಮಾನ ಅರ್ಧ ಬಗೆಹರಿಯುತ್ತದೆ. ಹೊತ್ತು ಅಷ್ಟೇ ಇದ್ದರೆ ಹೆಡ್ ಸರಿಯಿದೆ, ಗಾಳಿ ಹೊರಗಡೆ ಎಲ್ಲೋ ಹೋಗುತ್ತಿದೆ. ಹೊತ್ತು ಜಾಸ್ತಿಯಾಗಿದ್ದರೆ ಫಿಲ್ಟರ್, ಬೆಲ್ಟ್, ವಾಲ್ವ್ ಕಡೆ ನೋಡಬೇಕು.

ಹೊರಗಡೆ ಹೋಗುವ ಗಾಳಿ ಹುಡುಕುವುದು ಹೀಗೆ. ಸಂಜೆ ಮನೆಗೆ ಹೋಗುವಾಗ ಟ್ಯಾಂಕ್ ತುಂಬಿಸಿ, ಮೇನ್ ಆಫ್ ಮಾಡಿ, ಟ್ಯಾಂಕ್ ಪಕ್ಕದ ಕಾಕ್ ಮುಚ್ಚಿ ಗೇಜ್ ಓದಿಕೊಳ್ಳಿ. ಅರ್ಧ ಗಂಟೆಯಲ್ಲಿ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿದರೆ ಸೋರಿಕೆ ಟ್ಯಾಂಕ್ ಹತ್ತಿರವೇ ಇದೆ. ಇಳಿಯದಿದ್ದರೆ ಕಾಕ್ ತೆರೆದು ಲೈನ್‌ಗೆ ಗಾಳಿ ಬಿಟ್ಟು ಮತ್ತೆ ಅರ್ಧ ಗಂಟೆ ನೋಡಿ. ಸೋಪು ನೀರಿನ ಬ್ರಷ್ ಹಿಡಿದು ಜಾಯಿಂಟ್ ಜಾಯಿಂಟ್‌ಗೆ ಹಚ್ಚುತ್ತಾ ಹೋದರೆ ಗುಳ್ಳೆ ತೋರಿಸಿಕೊಡುತ್ತದೆ. ಸಣ್ಣ ಸೋರಿಕೆ ಎಂದು ಬಿಡಬೇಡಿ. 7 ಕೆಜಿಯಲ್ಲಿ 1 ಮಿಲಿಮೀಟರ್ ತೂತಿನಿಂದ ನಿಮಿಷಕ್ಕೆ 60 ಲೀಟರ್‌ಗೂ ಮೇಲೆ ಗಾಳಿ ಹೋಗುತ್ತದೆ. ನನ್ನ ಮೆಷಿನ್ ತಯಾರಿಸುವುದರಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು. ಹೆಚ್ಚಿನ ಶೆಡ್‌ಗಳಲ್ಲಿ ಅದು ಹೋಗುವುದು ಹೋಸ್ ತುದಿಯ ಕ್ವಿಕ್ ಕಪ್ಲರ್‌ನ ಸವೆದ ರಬ್ಬರ್ ಉಂಗುರದಿಂದ.

ಸದ್ದು ಎಲ್ಲಿಂದ ಬರುತ್ತಿದೆ?

ರೇಡಿಯೋ ಆರಿಸಿ, ಗ್ರೈಂಡರ್ ನಿಲ್ಲಿಸಿ, ಕೇಳಿ.

ಮೋಟರ್ ನಿಂತ ಕೂಡಲೇ ಪ್ರೆಶರ್ ಸ್ವಿಚ್ ಕೆಳಗಿನಿಂದ ಪುಸ್ಸ್ ಎಂದು ಎರಡು ಮೂರು ಸೆಕೆಂಡ್ ಗಾಳಿ ಬರುತ್ತದೆ. ಇದು ತೊಂದರೆ ಅಲ್ಲ, ಬರಲೇಬೇಕು. ಹೆಡ್‌ನಿಂದ ಟ್ಯಾಂಕ್‌ಗೆ ಹೋಗುವ ಪೈಪಿನಲ್ಲಿ ಉಳಿದ ಒತ್ತಡವನ್ನು ಅನ್‌ಲೋಡರ್ ಹೊರಗೆ ಬಿಡುತ್ತಿದೆ. ಮುಂದಿನ ಸಲ ಮೋಟರ್ ಹಗುರವಾಗಿ ತಿರುಗಲಿ ಎಂದೇ ಅದನ್ನು ಇಟ್ಟಿರುವುದು.

ಆ ಪುಸ್ಸ್ ನಿಲ್ಲದೆ ಬರುತ್ತಲೇ ಇದ್ದರೆ? ಇಲ್ಲಿ ನಾನು ಒಮ್ಮೆ ಮೋಸ ಹೋಗಿದ್ದೇನೆ. ಸದ್ದು ಸ್ವಿಚ್‌ನಿಂದ ಬರುತ್ತಿದೆ ಎಂದು ಹೊಸ ಸ್ವಿಚ್ ತಂದು ಹಾಕಿದೆ. ಹೊಸದರಲ್ಲೂ ಪುಸ್ಸ್. ತಪ್ಪು ಸ್ವಿಚ್‌ನದ್ದಲ್ಲ, ಟ್ಯಾಂಕ್‌ನ ಬಾಯಲ್ಲಿರುವ ಎನ್‌ಆರ್‌ವಿಯದ್ದು. ಟ್ಯಾಂಕ್‌ಗೆ ಹೋದ ಗಾಳಿ ವಾಪಸ್ ಬರದ ಹಾಗೆ ತಡೆಯುವ ಸಣ್ಣ ವಾಲ್ವ್ ಅದು. ಅದರ ಬಿಲ್ಲೆ ಮೇಲೆ ಕರಿ ಕೂತರೆ ಪೂರ್ತಿ ಮುಚ್ಚುವುದಿಲ್ಲ. ಟ್ಯಾಂಕಿನ ಗಾಳಿಯೆಲ್ಲ ಹಿಂದಕ್ಕೆ ಬಂದು ಅನ್‌ಲೋಡರ್ ಮೂಲಕ ಹೋಗುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಎನ್‌ಆರ್‌ವಿ ಬಿಚ್ಚಿ, ಬಿಲ್ಲೆ ಮತ್ತು ಅದು ಕೂರುವ ಜಾಗ ಒರೆಸಿ, ಸ್ಪ್ರಿಂಗ್ ನೋಡಿ ಹಾಕಿದರೆ ಸಾಕು. ಬಿಲ್ಲೆಯಲ್ಲಿ ಗುಂಡಿ ಬಿದ್ದಿದ್ದರೆ ಹೊಸದು.

ಮೋಟರ್ ಓಡುತ್ತಿರುವಾಗಲೇ ಸ್ವಿಚ್ ಕೆಳಗೆ ಪುಸ್ಸ್ ಬಂದು, ನಿಂತ ಮೇಲೆ ಸುಮ್ಮನಾದರೆ ಅದು ಅನ್‌ಲೋಡರ್‌ದೇ ತೊಂದರೆ. ಅದರ ಸಣ್ಣ ಪಿನ್ ಸಿಕ್ಕಿಕೊಂಡಿದೆ.

ಏರ್ ಫಿಲ್ಟರ್ ಹತ್ತಿರ ಅಂಗೈ ಹಿಡಿದು ನೋಡಿ. ಗಾಳಿ ಒಳಕ್ಕೆ ಮಾತ್ರ ಎಳೆಯಬೇಕು. ಹೊರಕ್ಕೂ ಪಫ್ ಪಫ್ ಎಂದು ಉಗುಳುತ್ತಿದ್ದರೆ ಒಳಗೆ ಎಳೆಯುವ ಕಡೆಯ ರೀಡ್ ವಾಲ್ವ್ (ತೆಳು ಉಕ್ಕಿನ ಪಟ್ಟಿ) ಮುರಿದಿದೆ ಅಥವಾ ಅದರಡಿ ಕಸ ಸಿಕ್ಕಿದೆ. ಫಿಲ್ಟರ್ ಹತ್ತಿರ ಎಲ್ಲ ಸರಿಯಿದ್ದೂ ಟ್ಯಾಂಕ್ ತುಂಬುವುದು ನಿಧಾನವಾಗಿ, ಹೆಡ್ ಎಂದಿಗಿಂತ ಜಾಸ್ತಿ ಕಾಯುತ್ತಿದ್ದರೆ ಹೊರಕ್ಕೆ ಬಿಡುವ ಕಡೆಯ ರೀಡ್ ಸೋರುತ್ತಿದೆ. ಒತ್ತಿದ ಬಿಸಿ ಗಾಳಿಯೇ ಮತ್ತೆ ಸಿಲಿಂಡರ್‌ಗೆ ಬಂದು ಮತ್ತೆ ಒತ್ತಿಸಿಕೊಳ್ಳುತ್ತಿರುತ್ತದೆ. ಕಾಯದೆ ಏನು ಮಾಡೀತು? ಹೆಡ್‌ನ ಎರಡು ಕೋಣೆಗಳ ನಡುವಿನ ಗ್ಯಾಸ್ಕೆಟ್ ಹೋಗಿದ್ದರೂ ಇದೇ ಲಕ್ಷಣ.

ಎಣ್ಣೆ ತುಂಬುವ ಕಡೆಯ ಬ್ರೀದರ್‌ನಿಂದ (ಒಳಗಿನ ಗಾಳಿ ಹೊರಗೆ ಹೋಗುವ ಸಣ್ಣ ತೂತು) ಜೋರಾಗಿ ಹೊಗೆಯಂಥ ಗಾಳಿ ಬಂದರೆ ರಿಂಗ್ ಸವೆದಿದೆ. ಆದರೆ ಟ್ಯಾಂಕ್ ನೀರಲ್ಲಿ ಎಣ್ಣೆ ಬರುತ್ತಿದೆ ಎಂದ ಮಾತ್ರಕ್ಕೆ ರಿಂಗ್ ಬದಲಿಸಬೇಡಿ. ಒಂದು ತೋಟದಲ್ಲಿ ಕಾಫಿ ಹಲ್ಲರ್ ಪಕ್ಕವೇ ಕಂಪ್ರೆಸರ್ ಇಟ್ಟಿದ್ದರು. ಎಣ್ಣೆ ಉಗುಳುತ್ತಿದೆ, ರಿಂಗ್ ಸೆಟ್ ತನ್ನಿ ಎಂದು ಕರೆದರು. ಹೋಗಿ ಫಿಲ್ಟರ್ ಬಿಚ್ಚಿದರೆ ಕಾಫಿ ಸಿಪ್ಪೆಯ ಪುಡಿ ಮೆತ್ತಿಕೊಂಡು ಹಲಗೆಯಾಗಿತ್ತು. ಮೇಲಿನಿಂದ ಗಾಳಿ ಸಿಗದಿದ್ದರೆ ಪಿಸ್ಟನ್ ಕೆಳಗಿನ ಎಣ್ಣೆಯನ್ನೇ ರಿಂಗ್ ದಾಟಿಸಿ ಮೇಲೆಳೆಯುತ್ತದೆ. ಫಿಲ್ಟರ್ ಬದಲಿಸಿ, ಮೆಷಿನ್‌ನ್ನು ಗೋಡೆಯ ಆಚೆಗೆ ಇಟ್ಟೆವು. ತಂದ ರಿಂಗ್ ಸೆಟ್ ಇನ್ನೂ ನನ್ನ ಕಪಾಟಿನಲ್ಲೇ ಇದೆ.

ಲಾರಿ ಟಯರ್‌ಗೆ 110 ಪಾಯಿಂಟ್ ಗಾಳಿ ಹೊಡೆಯುವವರ ಹತ್ತಿರ ಎರಡು ಹಂತದ ಮೆಷಿನ್ ಇರುತ್ತದೆ. ದೊಡ್ಡ ಸಿಲಿಂಡರ್‌ನಿಂದ ಸಣ್ಣ ಸಿಲಿಂಡರ್‌ಗೆ ಹೋಗುವ ರೆಕ್ಕೆ ಪೈಪಿನ ಮೇಲೂ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಅದು ಪದೇ ಪದೇ ಹಾರುತ್ತಿದ್ದರೆ ಸಣ್ಣ ಸಿಲಿಂಡರ್‌ನ ವಾಲ್ವ್ ಸೋರುತ್ತಿದೆ ಎಂದೇ ಮೊದಲ ಅನುಮಾನ. ಹಾರುತ್ತಿದೆ ಎಂದು ಅದನ್ನು ಬಿಗಿ ಮಾಡಬೇಡಿ. ಟ್ಯಾಂಕ್ ಮೇಲಿನ ವಾಲ್ವ್ ಹಾರಿದರೆ ಪ್ರೆಶರ್ ಸ್ವಿಚ್ ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತಿಲ್ಲ. ಗೇಜ್ ಕೂಡ ಸುಳ್ಳು ಹೇಳಬಹುದು, ಟಯರ್ ಗೇಜ್ ಇಟ್ಟು ಒಮ್ಮೆ ತಾಳೆ ನೋಡಿ.

ಟಕ್ ಟಕ್ ಎಂದು ಬಡಿಯುವ ಸದ್ದಿಗೆ ಎಲ್ಲರೂ ಬೇರಿಂಗ್ ಹೋಯಿತು ಅನ್ನುತ್ತಾರೆ. ಮೊದಲು ಮೇನ್ ಆಫ್ ಮಾಡಿ, ಫ್ಲೈವೀಲ್ ಹಿಡಿದು ಆಚೆ ಈಚೆ ಅಲ್ಲಾಡಿಸಿ. ಫ್ಲೈವೀಲ್‌ನ ಕೀ ಅಥವಾ ಬೋಲ್ಟ್ ಸಡಿಲವಾಗಿದ್ದರೂ ಅದೇ ಸದ್ದು. ಸ್ಪ್ಯಾನರ್‌ನ ಒಂದು ತಿರುವಿಗೆ ಮುಗಿಯುವ ಕೆಲಸ.

ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಕೂಡಲೇ ಆಫ್ ಮಾಡಿ. ಗುಂಯ್ ಅನ್ನುತ್ತಾ ನಿಂತ ಮೋಟರ್ ಬೇಗ ಸುಡುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮತ್ತೆ ಹಾಕಿ ನೋಡಿ. ಖಾಲಿ ಇದ್ದಾಗ ತಿರುಗಿ, 5 ಕೆಜಿ ಇದ್ದಾಗ ತಿರುಗದಿದ್ದರೆ ಮೋಟರ್ ಬಿಚ್ಚುವ ಅಗತ್ಯ ಇನ್ನೂ ಬಂದಿಲ್ಲ. ನಿಂತಾಗ ಪುಸ್ಸ್ ಬರುತ್ತಿತ್ತಾ ನೆನಪು ಮಾಡಿಕೊಳ್ಳಿ. ಬಂದಿರದಿದ್ದರೆ ಪೈಪಿನಲ್ಲಿ ಒತ್ತಡ ಉಳಿದುಕೊಂಡು ಪಿಸ್ಟನ್ ತಡೆಯುತ್ತಿದೆ.

ಪುಸ್ಸ್ ಸರಿಯಾಗಿ ಬಂದಿದ್ದರೆ ವೋಲ್ಟೇಜ್ ಅಳೆಯಿರಿ, ಅದೂ ಮೋಟರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ, ಮೋಟರ್ ಹತ್ತಿರವೇ. 230 ಇರಬೇಕಾದ ಕಡೆ 180 ಇದ್ದರೆ ಮೋಟರ್‌ನ ಎಳೆಯುವ ಶಕ್ತಿ ನೂರಕ್ಕೆ 61ಕ್ಕೆ ಇಳಿದಿರುತ್ತದೆ. ವೋಲ್ಟೇಜ್ ಇಳಿದ ಪ್ರಮಾಣದ ವರ್ಗದಷ್ಟು ಶಕ್ತಿ ಇಳಿಯುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಸುತ್ತಮುತ್ತ ಪಲ್ಪರ್‌ಗಳೆಲ್ಲ ಓಡುವಾಗ ಹಳ್ಳಿ ಕಡೆಯ ಲೈನ್‌ನ ಬಾಲದಲ್ಲಿರುವವರಿಗೆ ಇದು ಮಾಮೂಲಿ. ಬೆಳಗ್ಗೆ ಬೇಗ ಟ್ಯಾಂಕ್ ತುಂಬಿಸಿಕೊಳ್ಳುವುದು ಒಂದು ಉಪಾಯ.

ಎಷ್ಟೋ ಸಲ ತಪ್ಪು ಲೈನ್‌ನದ್ದಲ್ಲ, ನಮ್ಮ ಎಕ್ಸ್‌ಟೆನ್ಷನ್ ವೈರ್‌ನದ್ದು. ಸಣ್ಣ ವೈರ್‌ನ ಸುರುಳಿಯಲ್ಲಿ 2 ಎಚ್‌ಪಿ ಮೋಟರ್ ಓಡಿಸುವವರಿದ್ದಾರೆ. ಸ್ಟಾರ್ಟ್ ಆಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಬೇಕು. ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಇರಲಿ, ದೂರ ಇದ್ದರೆ 4. ದೂರದಲ್ಲಿ ಕೆಲಸ ಇದ್ದರೆ ವೈರ್ ಉದ್ದ ಮಾಡಬೇಡಿ, ಗಾಳಿ ಹೋಸ್ ಉದ್ದ ಮಾಡಿ.

ಖಾಲಿ ಟ್ಯಾಂಕ್‌ನಲ್ಲೂ ಗುಂಯ್ ಅಂದರೆ ಕೆಪಾಸಿಟರ್, ಅಂದರೆ ಸಿಂಗಲ್ ಫೇಸ್ ಮೋಟರ್ ತಿರುಗಲು ಶುರುಮಾಡಿಸುವ ಡಬ್ಬಿ. ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಅದೇ ಕಾರಣ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಉಳಿದಿರಬಹುದು. ಎರಡು ತುದಿಗೂ ಒಂದು ಹಳೆ ಬಲ್ಬ್‌ನ ವೈರ್ ಮುಟ್ಟಿಸಿ ಇಳಿಸಿಯೇ ಕೈ ಹಾಕಿ. ಹಳೆಯದರ ಮೇಲೆ ಬರೆದಷ್ಟೇ ಎಂಎಫ್‌ಡಿಯ (ಮೈಕ್ರೋಫ್ಯಾರಡ್) ಹೊಸದು ಹಾಕಿ. ತ್ರೀ ಫೇಸ್ ಆದರೆ ಒಂದು ಫ್ಯೂಸ್ ಹೋಗಿ ಎರಡೇ ಫೇಸ್ ಬರುತ್ತಿದೆಯಾ ನೋಡಿ.

ನಮ್ಮ ಮಳೆ, ಟ್ಯಾಂಕಿನ ನೀರು

ಬಯಲು ಸೀಮೆಯವರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ಇದೇ ಮುಖ್ಯ. ಜುಲೈ ತಿಂಗಳಲ್ಲಿ 22 ಡಿಗ್ರಿ ಇದ್ದು ಹೊರಗೆ ಸೋನೆ ಹಿಡಿದಿರುವಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು 7 ಕೆಜಿಗೆ ಅದುಮಿ ತಣ್ಣಗಾಗಿಸಿದರೆ 3 ಗ್ರಾಂ ಮಾತ್ರ ಆವಿಯಾಗಿ ಉಳಿಯುತ್ತದೆ. ಉಳಿದ 15 ಗ್ರಾಂ ನೀರಾಗಿ ತಳಕ್ಕೆ ಇಳಿಯುತ್ತದೆ. ನನ್ನಂಥ ಮೆಷಿನ್ ಒಂದು ಗಂಟೆ ಬಿಡದೆ ಓಡಿದರೆ 12 ಘನ ಮೀಟರ್ ಗಾಳಿ ಎಳೆಯುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಲೋಟ ನೀರು. ವಾರಕ್ಕೊಮ್ಮೆ ಡ್ರೈನ್ ಮಾಡುತ್ತೇನೆ ಅನ್ನುವವರ ಟ್ಯಾಂಕ್‌ನಲ್ಲಿ ಎಷ್ಟು ಲೀಟರ್ ಇರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಹಾಗಾಗಿ ಮಳೆಗಾಲದಲ್ಲಿ ದಿನಾ ಸಂಜೆ ಡ್ರೈನ್. 1 ಕೆಜಿಯಷ್ಟು ಗಾಳಿ ಇರುವಾಗ ಕಾಕ್ ತೆರೆದರೆ ನೀರು ಪೂರ್ತಿ ತಳ್ಳಿಕೊಂಡು ಬರುತ್ತದೆ. ಟ್ಯಾಂಕ್ ಕೆಳಗೆ ಕೈ ಹೋಗುವುದಿಲ್ಲ ಎನ್ನುವುದು ಎಲ್ಲರೂ ಹೇಳುವ ನೆಪ. ಕಾಕ್ ಇರುವ ಜಾಗಕ್ಕೆ ಒಂದು ಎಲ್ಬೋ, ಒಂದಡಿ ಜಿಐ ಪೈಪ್, ತುದಿಗೆ ಬಾಲ್ ವಾಲ್ವ್ ಹಾಕಿ ಹೊರಗೆ ತನ್ನಿ. ಕಾಲಲ್ಲೇ ತೆರೆಯಬಹುದು. ನಾನು ಈ ಮೆಷಿನ್‌ಗೆ ಮಾಡಿದ ಖರ್ಚಿನಲ್ಲೆಲ್ಲ ಇದೇ ಅತಿ ಒಳ್ಳೆಯದು.

ಪೇಂಟ್ ಹೊಡೆಯುವವರು ನೀರು ಹಿಡಿಯುವ ಫಿಲ್ಟರನ್ನು ಟ್ಯಾಂಕ್ ಪಕ್ಕದಲ್ಲೇ ಹಾಕಿ, ಆದರೂ ಗನ್‌ನಲ್ಲಿ ನೀರು ಬರುತ್ತದೆ ಎಂದು ದೂರುತ್ತಾರೆ. ಅಲ್ಲಿ ಗಾಳಿ ಇನ್ನೂ ಬಿಸಿ. ನೀರು ಆವಿಯಾಗಿ ಫಿಲ್ಟರ್ ದಾಟಿ, ಮುಂದೆ ಹೋಸ್‌ನಲ್ಲಿ ತಣ್ಣಗಾಗಿ ಹನಿಯಾಗುತ್ತದೆ. ಫಿಲ್ಟರ್ ಇರಬೇಕಾದ್ದು ಪೈಪಿನ ಕೊನೆಗೆ, ಗನ್‌ನ ಹತ್ತಿರ. ಗೋಡೆ ಮೇಲಿನ ಲೈನ್‌ಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಿ. ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆದು ಬಾಗಿಸಿ ಇಳಿಸಿ, ಆಗ ತಳದಲ್ಲಿ ಹರಿಯುವ ನೀರು ಕವಲಿಗೆ ಬರುವುದಿಲ್ಲ. ಪೈಪ್ ಜಿಐ ಇರಲಿ. ಪಿವಿಸಿ ಅಗ್ಗ, ಆದರೆ ಗಾಳಿಯ ಒತ್ತಡದಲ್ಲಿ ಅದು ಬಿರಿದರೆ ಗಾಜಿನ ಚೂರಿನ ಹಾಗೆ ಹಾರುತ್ತದೆ.

ಎಣ್ಣೆಯ ಕಣ್ಣಿನಲ್ಲಿ ಕಾಫಿಗೆ ಹಾಲು ಬೆರೆತ ಬಣ್ಣ ಕಂಡರೆ ಎಣ್ಣೆಗೂ ನೀರು ಸೇರಿದೆ. ದಿನಕ್ಕೆ ಎರಡು ನಿಮಿಷ ಓಡಿಸಿ ನಿಲ್ಲಿಸುವವರಿಗೆ ಮಳೆಗಾಲದಲ್ಲಿ ಹೀಗಾಗುತ್ತದೆ. ಹೆಡ್ ಬಿಸಿಯೇ ಆಗುವುದಿಲ್ಲ, ತೇವ ಆರುವುದಿಲ್ಲ. ಎಣ್ಣೆ ಬದಲಿಸಿ, ಆಮೇಲೆ ವಾರಕ್ಕೊಮ್ಮೆಯಾದರೂ ಹೋಸ್ ಸ್ವಲ್ಪ ತೆರೆದು ಇಪ್ಪತ್ತು ನಿಮಿಷ ಓಡಿಸಿ. ಎಣ್ಣೆ ಬಣ್ಣ ಚೆನ್ನಾಗಿದ್ದರೂ 300ರಿಂದ 500 ಗಂಟೆಗೊಮ್ಮೆ ಬದಲಿಸಿ. ಹಳೆ ಮೆಷಿನ್ ತಂದ ಹೊಸತರಲ್ಲಿ ಮೊದಲ ಬದಲಾವಣೆ 50 ಗಂಟೆಗೇ ಆಗಲಿ, ಒಳಗಿನ ಹಳೆ ಕೊಳೆ ಅದರಲ್ಲಿ ಬರುತ್ತದೆ.

ಹೆಡ್ ಬಿಚ್ಚಲೇಬೇಕಾದರೆ

ಮೇನ್ ತೆಗೆಯಿರಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಇಲ್ಲದಿದ್ದರೆ ಪ್ರೆಶರ್ ಸ್ವಿಚ್ ತಾನಾಗಿಯೇ ಮೋಟರ್ ಓಡಿಸಿಬಿಟ್ಟೀತು. ಗೇಜ್ ಸೊನ್ನೆ ತೋರಿಸಿದರೂ ನಂಬದೆ ಡ್ರೈನ್ ತೆರೆದಿಡಿ. ಹೆಡ್ ತಣ್ಣಗಾಗಲಿ.

ಒಂದೊಂದು ಭಾಗ ತೆಗೆದಾಗಲೂ ಮೊಬೈಲ್‌ನಲ್ಲಿ ಫೋಟೋ ಹೊಡೆಯಿರಿ. ರೀಡ್ ಯಾವ ಮುಖ ಮೇಲಿತ್ತು ಎಂಬುದು ಎಷ್ಟೇ ಅನುಭವ ಇದ್ದರೂ ಮರೆತುಹೋಗುತ್ತದೆ. ಕರಿಯನ್ನು ಮರದ ಚೂರಿನಿಂದ ಕೆರೆಯಿರಿ, ಉಳಿಯಿಂದ ಅಲ್ಲ. ಬಗ್ಗಿದ ರೀಡನ್ನು ತಟ್ಟಿ ನೇರ ಮಾಡಿದರೆ ಒಂದು ವಾರವೂ ಬರುವುದಿಲ್ಲ, ಹೊಸದು ಹಾಕಿ. ವಾಲ್ವ್ ಪ್ಲೇಟ್‌ನಲ್ಲಿ ಸಣ್ಣ ಗೀರುಗಳಿದ್ದರೆ ದಪ್ಪ ಗಾಜಿನ ಮೇಲೆ 600 ನಂಬರ್ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು, ಎಂಟರ ಆಕಾರದಲ್ಲಿ ತಿಕ್ಕಿ. ಗ್ಯಾಸ್ಕೆಟ್ ಹಳೆಯದರಷ್ಟೇ ದಪ್ಪ ಇರಬೇಕು. ತೆಳು ಹಾಕಿದರೆ ಪಿಸ್ಟನ್ ಮೇಲೆ ತಾಗಬಹುದು, ದಪ್ಪ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ. ಬೋಲ್ಟ್‌ಗಳನ್ನು ಎದುರು ಬದುರಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಎರಕದ ಹೆಡ್ ಒಂದೇ ಕಡೆ ಎಳೆದರೆ ಬಿರುಕು ಬಿಡುತ್ತದೆ. ಒಮ್ಮೆ ಓಡಿಸಿ ಬಿಸಿ ಮಾಡಿ, ನಿಲ್ಲಿಸಿ, ಗಾಳಿ ಬಿಟ್ಟು, ತಣ್ಣಗಾದ ಮೇಲೆ ಇನ್ನೊಂದು ಸಲ ಎಲ್ಲ ಬೋಲ್ಟ್ ಮುಟ್ಟಿ ನೋಡಿ.

ಕೊನೆಗೆ ಪ್ರೆಶರ್ ಸ್ವಿಚ್. ಸ್ಪ್ರಿಂಗ್ ಬಿಗಿ ಮಾಡಿ ಒತ್ತಡ ಏರಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಪೇಂಟ್ ಗನ್‌ಗೆ 2-3 ಕೆಜಿ ಸಾಕು, ಇಂಪ್ಯಾಕ್ಟ್ ರೆಂಚ್‌ಗೆ 6. ಒಂದೊಂದು ಕೆಜಿ ಏರಿಸಿದಾಗಲೂ ಕರೆಂಟ್ ಖರ್ಚು ನೂರಕ್ಕೆ 6-7ರಷ್ಟು ಏರುತ್ತದೆ. ನನ್ನದು 5ಕ್ಕೆ ಶುರು, 7ಕ್ಕೆ ನಿಲುಗಡೆ. ಪ್ಲೇಟ್ ಮೇಲೆ ಎಷ್ಟೇ ಬರೆದಿರಲಿ, ಹಳೆ ಟ್ಯಾಂಕ್ ಎಂದು ಅಲ್ಲಿಗೇ ಬಿಟ್ಟಿದ್ದೇನೆ.

ಜೋರು ಮಳೆಗೆ ಕೆಲಸ ಇಲ್ಲದೆ ಶೆಡ್ ಮುಚ್ಚಿ ಹೋಗುವುದಾದರೆ ಗಾಳಿ ಪೂರ್ತಿ ಬಿಟ್ಟು, ಡ್ರೈನ್ ಕಾಕ್ ತೆರೆದೇ ಬಿಡಿ. ಫಿಲ್ಟರ್ ಬಾಯಿಗೆ ಮಾತ್ರ ಒಂದು ಬಟ್ಟೆ ಕಟ್ಟಿ, ಕಣಜಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ವಾಪಸ್ ಬಂದು ಸ್ವಿಚ್ ಹಾಕುವ ಮೊದಲು ಆ ಬಟ್ಟೆ ಬಿಚ್ಚಲು ಮರೆಯಬೇಡಿ. ನಾನು ಒಂದು ವರ್ಷ ಮರೆತಿದ್ದೆ.